ಬಾಳೆಗೆ ಕೊಟ್ಟ ಆಸರೆ

ನಮ್ಮ ಕಲಬುರಗಿ ಕಡೆ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವ ಮಾತು "ಊಟ ಆಯ್ತೇನ್ರಿ?" ಎಂಬುದು. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಇದು ದಾಸೋಹದ ಊರು. ಶರಣಬಸವೇಶ್ವರರನ್ನು ಇವತ್ತಿಗೂ ಮಹಾದಾಸೋಹಿ ಎಂದೇ ಕರೆಯುತ್ತೇವೆ. ಹಸಿದು ಬಂದವರಿಗೆ ಜಾತಿ, ಮತ ಕೇಳದೆ ಅನ್ನ ನೀಡಿದ ಶರಣರು ಅವರು. ಇಂಥ ಊರಿನ ಶಹಾಬಜಾರದಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, ಎಪ್ಪತ್ತು ದಾಟಿ ಕುಳಿತಿರುವ ನನ್ನಂಥವನಿಗೆ "ಊಟ ಮಾಡಲಾರದ ರೋಗ" ಎಂಬುದೊಂದಿದೆ ಎಂದು ಯಾರಾದರೂ ಹತ್ತು ವರ್ಷದ ಹಿಂದೆ ಹೇಳಿದ್ದರೆ ನಂಬುವುದು ಕಷ್ಟವಾಗುತ್ತಿತ್ತು.

ಆದರೆ ಆ ರೋಗ ಇದೆ. ನಮ್ಮ ಮನೆಗೂ ಬಂದಿತ್ತು. ಅದರ ಚಿಕಿತ್ಸೆಯ ಜೊತೆಗೆ ಸಣ್ಣ ಆಸರೆಯಾಗಿ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯೂ ಬಂತು. ಈ ಎರಡರ ಬಗ್ಗೆಯೂ ಜನ ನನ್ನನ್ನು ಕೇಳುತ್ತಿರುತ್ತಾರೆ. ಮೊಮ್ಮಗಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬ್ಯಾಡ ಮುತ್ಯಾ, ಉಳದದ್ದು ಬರಿ" ಎಂದಿದ್ದಾಳೆ.

ಮೊದಲು ರೋಗದ ಮಾತು. ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟರು. ಈ ರೋಗ ಬಂದವರಿಗೆ ದಪ್ಪಗಾಗುತ್ತೇವೆ ಎಂಬ ಭಯ ಎಷ್ಟು ಬಲವಾಗಿ ಹಿಡಿಯುತ್ತದೆಂದರೆ, ಕನ್ನಡಿಯಲ್ಲಿ ಎಲುಬು ಕಂಡರೂ ತಾವು ದಪ್ಪಗಿದ್ದೇವೆ ಎಂದೇ ಅನ್ನಿಸುತ್ತದೆ. ಬುಲಿಮಿಯಾ ಎಂಬ ಇನ್ನೊಂದು ಬಗೆಯಿದೆ. ಅದರಲ್ಲಿ ತಡೆಯಲಾಗದೆ ತಿನ್ನುವುದು, ಆಮೇಲೆ ಅಂಜಿ ಅದನ್ನು ಹೊರಹಾಕಲು ನೋಡುವುದು. ಹುಡುಗಿಯರಲ್ಲಿ ಹೆಚ್ಚು, ಆದರೆ ಹುಡುಗರಿಗೂ ಬರುತ್ತದೆ. ಬಡವರು, ಶ್ರೀಮಂತರು ಎಂಬ ಭೇದವೂ ಇದಕ್ಕಿಲ್ಲ.

"ನಾವೂ ಶಿವರಾತ್ರಿಗೆ ಉಪವಾಸ ಇರ್ತೀವಲ್ಲ?" ಎಂದು ನನ್ನ ವಾರಿಗೆಯವರು ಕೇಳುತ್ತಾರೆ. ನಿಜ. ನಮ್ಮ ಓಣಿಯಲ್ಲಿ ಶಿವರಾತ್ರಿಯೂ ಉಂಟು, ರಂಜಾನಿನ ರೋಜಾವೂ ಉಂಟು. ಆದರೆ ಉಪವಾಸಕ್ಕೆ ಒಂದು ಕೊನೆಯಿರುತ್ತದೆ. ಹೊತ್ತು ಮುಗಿದ ಮೇಲೆ ಎಲ್ಲರೂ ಕೂಡಿ ಕುಳಿತು ಸಂತೋಷದಿಂದ ಉಣ್ಣುತ್ತಾರೆ. ಈ ರೋಗದಲ್ಲಿ ಆ ಸಂತೋಷವೇ ಇಲ್ಲ. ಒಂದು ತುತ್ತು ಬಿಟ್ಟರೆ ನಾಳೆ ಎರಡು ಬಿಡು ಎಂದು ಒಳಗಿನಿಂದ ಯಾರೋ ಹೇಳುತ್ತಿರುತ್ತಾರಂತೆ. ಇದು ನನ್ನ ಮೊಮ್ಮಗಳೇ ಹೇಳಿದ ಮಾತು.

ಅವಳು ಆಗ ಒಂಬತ್ತನೇ ತರಗತಿ. ಶಾಲೆಯ ಗ್ಯಾದರಿಂಗ್‌ಗೆ ಕುಣಿತದ ಬಟ್ಟೆಯ ಅಳತೆ ತೆಗೆಯುವಾಗ ಯಾರೋ ಅವಳ ಮೈ ನೋಡಿ ಒಂದು ಮಾತು ಅಂದರು. ಎಲ್ಲರೂ ನಕ್ಕರು. ಆ ಒಂದು ಮಾತಿನಿಂದಲೇ ರೋಗ ಬರುವುದಿಲ್ಲ, ಹುಟ್ಟುಗುಣ, ಸ್ವಭಾವ, ವಯಸ್ಸು, ಸುತ್ತಲಿನ ಮಾತು ಎಲ್ಲವೂ ಕೂಡಿ ಬರುತ್ತದೆ ಎಂದು ವೈದ್ಯರು ನಮಗೆ ತಿಳಿಸಿದರು. ಆದರೂ ಅಂದಿನಿಂದ ಅವಳ ತಾಟಿನಲ್ಲಿ ರೊಟ್ಟಿ ಅರ್ಧವಾಯಿತು, ಆಮೇಲೆ ಕಾಲಾಯಿತು. ಎಲ್ಲರಿಗಿಂತ ಮೊದಲು ಉಂಡೆ ಎನ್ನುವಳು, ಇಲ್ಲವೆ ಗೆಳತಿಯ ಮನೆಯಲ್ಲಿ ಉಂಡು ಬಂದೆ ಎನ್ನುವಳು. ಬೇಸಿಗೆಯಲ್ಲೂ ಚಳಿ ಎಂದು ಸ್ವೆಟರ್ ಹಾಕಿಕೊಂಡು ಕೂರುವಳು. ಕಲಬುರಗಿಯ ಬೇಸಿಗೆ ಎಂಥದು ಎಂದು ಬಲ್ಲವರಿಗೆ ಇದು ಎಷ್ಟು ವಿಚಿತ್ರ ಎಂದು ಗೊತ್ತಾದೀತು. ಬಾಚಣಿಕೆಯಲ್ಲಿ ಕೂದಲು ಕೈತುಂಬ ಬರತೊಡಗಿತು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹಿಂಡಿ ಹರವಿಕೊಂಡು ಎಲ್ಲರೂ ಕುಳಿತಿದ್ದೇವೆ. ಅವಳು ಎಲ್ಲರಿಗೂ ನೀಡಿದಳು, ತಾನು ಮಾತ್ರ ಕೂರಲಿಲ್ಲ. "ಒಂದ ಕಡಬು ತಿನ್ನವ್ವ" ಎಂದು ಅವಳ ಆಯಿ ಕೈ ಹಿಡಿದಾಗ ಸಿಟ್ಟಿನಿಂದ ಕೈ ಕೊಸರಿಕೊಂಡು ಬದುವಿನ ಮೇಲೆ ಹೋಗಿ ಅಳುತ್ತಾ ಕುಳಿತಳು. ಎಂದೂ ಎದುರು ಮಾತಾಡದ ಹುಡುಗಿ. ಅಂದು ಸಂಜೆ ಸೊಸೆ, "ಮಾವಾರ, ಇದು ಹಟ ಅಲ್ಲ, ಏನೋ ಬ್ಯಾರೆ ಅದ" ಎಂದಳು. ಮರುದಿನವೇ ವೈದ್ಯರ ಕಡೆ ಕರೆದುಕೊಂಡು ಹೋದೆವು. ನಾಡಿ ಬಡಿತ ಬಹಳ ನಿಧಾನವಾಗಿತ್ತು. ಅವತ್ತೇ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿನ ಮನೋವೈದ್ಯರು ನಮಗೆ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ತಾವಾಗಿಯೇ ಮುಂದೆ ಬಂದ 36 ಜನ ಗಟ್ಟಿಮುಟ್ಟಾದ ತರುಣರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಅವರು ಸಿಡುಕರಾದರು, ಒಬ್ಬೊಬ್ಬರೇ ಕೂರತೊಡಗಿದರು, ಚಳಿಯಿಂದ ನಡುಗಿದರು. ಹಗಲು ರಾತ್ರಿ ಊಟದ್ದೇ ಚಿಂತೆ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತಾ ಕೂತರು. ಅಂದರೆ ಹಸಿವು ಹೊಟ್ಟೆಯನ್ನಷ್ಟೇ ಅಲ್ಲ, ಬುದ್ಧಿಯನ್ನೂ ಬದಲಿಸುತ್ತದೆ. "ಹುಡುಗಿ ಸಿಟ್ಟಿಗೆದ್ದರೆ ಅದು ಅವಳ ಸಿಟ್ಟಲ್ಲ ಮುತ್ಯಾರೇ, ಹಸಿವಿನ ಸಿಟ್ಟು. ಮೊದಲು ದೇಹಕ್ಕೆ ಅನ್ನ ಹೋಗಬೇಕು, ಮಾತು ಆಮೇಲೆ ಕೇಳಿಸ್ತದ" ಎಂದರು ಅವರು.

ಅನ್ನವನ್ನೂ ಒಮ್ಮೆಲೇ ಹೆಚ್ಚು ಕೊಡುವಂತಿಲ್ಲ. ಬಹಳ ದಿನ ಬರಿದಾದ ದೇಹಕ್ಕೆ ಹಠಾತ್ತಾಗಿ ಬಹಳ ಊಟ ಬಿದ್ದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ಅದಕ್ಕೆ ರಕ್ತ ಪರೀಕ್ಷೆ ಮಾಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿದರು. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಊಟ, ಮೂರು ಸಣ್ಣ ತಿಂಡಿ. ತಾಟಿಗೆ ಏನು, ಎಷ್ಟು ಎಂಬುದನ್ನು ತೀರ್ಮಾನಿಸುವವಳು ಅವಳ ತಾಯಿ. ವಾರಕ್ಕೊಮ್ಮೆ ಮನೋವೈದ್ಯರು, ಆಹಾರ ತಜ್ಞೆ, ಮಾತಿನ ಚಿಕಿತ್ಸೆ. ಇದು ಚಿಕಿತ್ಸೆಯ ಬೇರು. ಇದನ್ನು ಮರೆತು ಮುಂದಿನದನ್ನು ಓದಬೇಡಿ.

ಎಲ್ಲಕ್ಕಿಂತ ಕಷ್ಟದ ಹೊತ್ತು ಊಟದ ನಂತರದ ಒಂದು ತಾಸು. ಬಹಳ ದಿನ ಕೆಲಸವಿಲ್ಲದೆ ಕೂತಿದ್ದ ಹೊಟ್ಟೆ ಎರಡು ತುತ್ತಿಗೇ ಉಬ್ಬರಿಸಿದಂತಾಗುವುದು, ವಾಕರಿಕೆ, ಮೈಯೆಲ್ಲ ಬಿಗಿ. ಅದರ ಮೇಲೆ "ತಪ್ಪು ಮಾಡಿದೆ, ತಿಂದುಬಿಟ್ಟೆ" ಎಂಬ ಸಂಕಟ. ಕೈ ಹಿಸುಕಿಕೊಳ್ಳುತ್ತಾ ಮನೆ ತುಂಬ ತಿರುಗುವಳು. ಆಗ ನಮ್ಮ ಬೀಗರೊಬ್ಬರು, "ಅಕ್ಯುಪಂಕ್ಚರ್ ಮಾಡಿಸ್ರಿ, ಹಸಿವು ತಾನೇ ಬರ್ತದ" ಎಂದರು. ಸೊಸೆ ನೇರವಾಗಿ ಮನೋವೈದ್ಯರನ್ನೇ ಕೇಳಿದಳು. ಅವರು ಬೇಡ ಎನ್ನಲಿಲ್ಲ, ಆದರೆ ನಾಲ್ಕು ಷರತ್ತು ಹಾಕಿದರು. ಮೊದಲನೆಯದು, ಔಷಧ, ಊಟದ ಪಟ್ಟಿ, ಮಾತಿನ ಚಿಕಿತ್ಸೆ ಒಂದೂ ನಿಲ್ಲಬಾರದು. ಎರಡನೆಯದು, ರಕ್ತ ಪರೀಕ್ಷೆ ಸರಿಯಿದ್ದರೆ ಮಾತ್ರ ಸೂಜಿ, ಏಕೆಂದರೆ ಬಳಲಿದ ದೇಹದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿರಬಹುದು. ಮೂರನೆಯದು, ಖಾಲಿ ಹೊಟ್ಟೆಯಲ್ಲಿ ಹೋಗುವಂತಿಲ್ಲ, ತಲೆಸುತ್ತು ಬಂದು ಬೀಳಬಹುದು. ನಾಲ್ಕನೆಯದು, ಕಲಿತ ವೈದ್ಯರೇ ಆಗಬೇಕು, ಪ್ರತಿ ಸಲ ಹೊಸ ಸೂಜಿ, ಬಳಸಿ ಬಿಸಾಡುವಂಥದು.

ಈ ಸೂಜಿ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆಯಲ್ಲಿ ನಮ್ಮ ಪಕ್ಕದ ಸೊಲ್ಲಾಪುರವೂ ಇದೆ. ಮಕ್ಕಳಿಗೆ ಇದು ಗೊತ್ತಿರಲಿ. ಕಲಬುರಗಿಯಿಂದ ರೈಲಿನಲ್ಲಿ ಸುಮಾರು ಎರಡು ತಾಸಿನ ಹಾದಿಯ ಆ ಊರಿನಲ್ಲಿ 1910ರಲ್ಲಿ ದ್ವಾರಕಾನಾಥ ಕೋಟ್ನೀಸ್ ಹುಟ್ಟಿದರು. ಜಪಾನ್ ಚೀನಾದ ಮೇಲೆ ಯುದ್ಧ ಮಾಡುತ್ತಿದ್ದಾಗ, 1938ರಲ್ಲಿ, ಗಾಯಗೊಂಡವರ ಸೇವೆಗೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅದರಲ್ಲಿ ಕೋಟ್ನೀಸರೂ ಇದ್ದರು, ಕಲ್ಕತ್ತೆಯ ವಿಜಯಕುಮಾರ ಬಸು ಅವರೂ ಇದ್ದರು. ಕೋಟ್ನೀಸರು 1942ರಲ್ಲಿ, ಬರೀ 32ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಅವರ ಬದುಕಿನ ಮೇಲೆ ವಿ. ಶಾಂತಾರಾಮ್ 1946ರಲ್ಲಿ ಹಿಂದಿ ಚಿತ್ರ ತೆಗೆದರು. ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಭಾರತದಲ್ಲಿ ಈ ವಿದ್ಯೆ ಹರಡಿದ್ದು ಹಾಗೆ. ಇವತ್ತು ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದುವವರು ಇದನ್ನೂ ಕಲಿಯುತ್ತಾರೆ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜು ಅಂಥದೊಂದು. ಕೇಂದ್ರ ಸರಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು.

ಆ ಪದವಿ ಓದಿದ ಒಬ್ಬ ವೈದ್ಯೆಯ ಕಡೆ ಹೋದೆವು. ಮಲಗುವ ಮಂಚ, ಬಿಳಿ ಹಾಸಿಗೆ, ಸಣ್ಣ ಕೋಣೆ. ಸೂಜಿ ನೋಡಿದೊಡನೆ ಮೊಮ್ಮಗಳು, "ಮೊದಲ ನಮ್ಮ ಮುತ್ಯಾಗ ಚುಚ್ರಿ, ನಾ ನೋಡ್ತೀನಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ತಮಾಷೆ ಬಂದಿತ್ತು. ಆ ಖುಷಿಗೆ ನಾನು ಧೋತರ ಮೊಣಕಾಲಿನ ತನಕ ಎತ್ತಿ ಕೂತೆ. ದವಾಖಾನೆಯ ಇಂಜೆಕ್ಷನ್ ಸೂಜಿಯ ಹಾಗೆ ಅದು ಟೊಳ್ಳಲ್ಲ, ಗಟ್ಟಿ ತಂತಿ, ಬಹಳ ತೆಳು, ಸುಮಾರು ಕಾಲು ಮಿಲಿಮೀಟರ್. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ನನ್ನ ಮೊಣಕಾಲು ನೋವು ಇನ್ನೂ ಹಾಗೇ ಇದೆ, ಕೋಲು ಬಿಟ್ಟಿಲ್ಲ. ಆದರೆ ಮೊಮ್ಮಗಳ ಅಂಜಿಕೆ ಹೋಯಿತು.

ಅವಳಿಗೆ ಮಣಿಕಟ್ಟಿನಿಂದ ಮೂರು ಬೆರಳು ಮೇಲೆ, ಕೈಯ ಒಳಬದಿಗೆ ಒಂದು ಸೂಜಿ. ವಾಕರಿಕೆಗೆ ಬಹಳ ಬಳಸುವ ಜಾಗ ಅದು. ಶಸ್ತ್ರಚಿಕಿತ್ಸೆಯ ನಂತರದ ಮತ್ತು ಕ್ಯಾನ್ಸರ್ ಔಷಧದಿಂದ ಬರುವ ವಾಕರಿಕೆಗೆ ಅಕ್ಯುಪಂಕ್ಚರ್ ಉಪಯೋಗಕ್ಕೆ ಬರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ 1997ರಲ್ಲೇ ಹೇಳಿತ್ತು. ಮೊಣಕಾಲಿನ ಕೆಳಗೊಂದು, ಕಿವಿಯಲ್ಲಿ ಪುಟ್ಟ ಪುಟ್ಟವು. ಸೂಜಿಯಿಟ್ಟು ಅರ್ಧ ತಾಸು ಸುಮ್ಮನೆ ಮಲಗಬೇಕು. ವಾರಕ್ಕೆ ಎರಡು ಸಲ, ಆರು ವಾರ ಹೋದೆವು. ಹೊರಡುವ ಮೊದಲು ಒಂದು ತಿಂಡಿ ತಿನ್ನಲೇಬೇಕೆಂಬುದು ಷರತ್ತಾಗಿತ್ತಲ್ಲ, ಅವಳು ಅದನ್ನೂ ಪಾಲಿಸಿದಳು.

ಆರು ವಾರವಾದ ಮೇಲೆ ಜನ ಕೇಳಿದರು, "ಗುಣ ಕಂಡಿತೇನ್ರಿ?" ನಾನು ಬ್ಯಾಂಕಿನವನು. ಯಾವ ಖಾತೆಗೆ ಜಮಾ ಮಾಡಬೇಕೆಂದು ಖಚಿತವಾಗದ ಹಣವನ್ನು ನಾವು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಿದ್ದೆವು. ಆ ಆರು ವಾರದಲ್ಲಿ ಅವಳ ತೂಕ ನಿಧಾನವಾಗಿ ಏರಿತ್ತು. ಆದರೆ ಅದೇ ಆರು ವಾರದಲ್ಲಿ ಅವಳ ತಾಯಿ ಕೆಲಸಕ್ಕೆ ರಜೆ ಹಾಕಿ ಆರು ಹೊತ್ತು ಎದುರಿಗೆ ಕುಳಿತು ಉಣಿಸಿದ್ದಳು, ಔಷಧ ಇತ್ತು, ಮಾತಿನ ಚಿಕಿತ್ಸೆ ಇತ್ತು. ಏರಿದ ತೂಕವನ್ನು ಸೂಜಿಯ ಖಾತೆಗೆ ಜಮಾ ಮಾಡಲು ನನ್ನ ಕೈ ಬರುವುದಿಲ್ಲ.

ತಜ್ಞರೂ ಇದನ್ನೇ ಹೇಳುತ್ತಾರೆ. ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆ ವೈದ್ಯರಿಗೆ ಮಾರ್ಗಸೂಚಿ ಬರೆಯುತ್ತದೆ. ಈ ರೋಗಗಳ ಚಿಕಿತ್ಸೆಯೆಂದು ಅಕ್ಯುಪಂಕ್ಚರ್ ಕೊಡಬೇಡಿ ಎಂದು ಅದು 2017ರಲ್ಲಿ ಸ್ಪಷ್ಟವಾಗಿ ಬರೆದಿದೆ. ಯೋಗದ ಬಗ್ಗೆಯೂ ಅದೇ ಮಾತು. ಇತ್ತ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅನೊರೆಕ್ಸಿಯಾ ಇದ್ದ 26 ಜನರೊಂದಿಗೆ ಒಂದು ಸಣ್ಣ ಅಧ್ಯಯನ ನಡೆದು 2014ರಲ್ಲಿ ಪ್ರಕಟವಾಯಿತು. ಅವರ ಎಂದಿನ ಚಿಕಿತ್ಸೆ ನಡೆಯುತ್ತಿರುವಾಗಲೇ ಒಂದು ಗುಂಪಿಗೆ ಸೂಜಿ, ಇನ್ನೊಂದು ಗುಂಪಿಗೆ ಬೆರಳಿನಿಂದ ಒತ್ತುವುದು ಮತ್ತು ಹಗುರ ಮಾಲೀಸು. ಸೂಜಿಯೇ ಮೇಲು ಎಂದು ಅದರಿಂದ ಹೇಳಲಾಗಲಿಲ್ಲ. ಆದರೆ ಮನಸ್ಸಿಗೆ ಶಾಂತಿ ಸಿಕ್ಕಿತು, ಚಿಕಿತ್ಸೆ ಕೊಟ್ಟವರು ನಮ್ಮನ್ನು ಅರ್ಥ ಮಾಡಿಕೊಂಡರು, ಅದು ಹಿತವಾಯಿತು ಎಂದು ಅವರು ಹೇಳಿದರು.

ಒಂದು ದಿನ ಆಟೊದಲ್ಲಿ ಮನೆಗೆ ಬರುತ್ತಾ ನಾನು ಮೊಮ್ಮಗಳನ್ನು ಕೇಳಿದೆ, "ಅಲ್ಲಿ ಹೋದರ ನಿನಗ ಹ್ಯಾಂಗ ಅನಸ್ತದವ್ವ?" ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಅಲ್ಲಿ ನನ್ನ ಯಾರೂ ತೂಕ ಮಾಡಂಗಿಲ್ಲ ಮುತ್ಯಾ. ಉಂಡ್ಯಾ ಅಂತ ಕೇಳಂಗಿಲ್ಲ. ಅರ್ಧ ತಾಸು ನಾ ಬರೇ ಮಲಗಿರ್ತೀನಿ. ತಲ್ಯಾಗಿನ ಗದ್ದಲ ಸಣ್ಣದಾಗ್ತದ." ನನಗೆ ಸಿಡ್ನಿಯ ಆ ಕಾಗದ ಓದಿದ್ದಕ್ಕಿಂತ ಅವಳ ಈ ಮಾತಿನಿಂದ ಹೆಚ್ಚು ತಿಳಿಯಿತು.

ಇದಕ್ಕೊಂದು ಹೋಲಿಕೆ ಹೇಳಲೇ? ನಾನು ಕೆಲವು ವರ್ಷ ಕಮಲಾಪುರದ ಶಾಖೆಯಲ್ಲಿದ್ದೆ. ಅಲ್ಲಿನ ಕೆಂಪು ಬಾಳೆ ಹೆಸರುವಾಸಿ, ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೇರೆ ಬಾಳೆ ವರ್ಷಕ್ಕೆ ಬಂದರೆ ಇದು ಕೊಯ್ಲಿಗೆ ಬರಲು ಒಂದೂವರೆ ವರ್ಷದ ಹತ್ತಿರ ಬೇಕು. ಸಾಲ ಕೇಳಲು ಬಂದ ರೈತರ ಖರ್ಚಿನ ಅಂದಾಜಿನಲ್ಲಿ ಗೊಬ್ಬರ, ನೀರು, ಆಳುಗಳ ಕೂಲಿಯ ಜೊತೆ ಕೊನೆಗೆ ಒಂದು ಸಣ್ಣ ಬಾಬ್ತು ಇರುತ್ತಿತ್ತು, ಗಿಡಕ್ಕೆ ಆಸರೆ ಕೊಡುವ ಬಿದಿರು ಗಳ. ಗಳ ಗೊನೆಯನ್ನು ಬೆಳೆಸುವುದಿಲ್ಲ. ಬೆಳೆಸುವುದು ಬೇರು, ಗೊಬ್ಬರ, ನೀರು. ಆದರೆ ಗೊನೆ ತೂಗುವ ಕಾಲಕ್ಕೆ ಒಂದು ಜೋರು ಗಾಳಿ ಬಂದರೆ ಗಳವಿಲ್ಲದ ಗಿಡ ಮಲಗಿಬಿಡುತ್ತದೆ. ಬರೀ ಗಳ ನೆಟ್ಟು ನೀರು ಬಿಡದ ರೈತನನ್ನು ನಾನು ಕಂಡಿಲ್ಲ. ಸೂಜಿ ಚಿಕಿತ್ಸೆ ನಮ್ಮ ಮನೆಯಲ್ಲಿ ಆ ಗಳದ ಕೆಲಸ ಮಾಡಿತು ಎಂದು ನನ್ನ ತಿಳಿವಳಿಕೆ.

ಗಳಕ್ಕೆ ಬಿದಿರೇ ಬೇಕೆಂದಿಲ್ಲ. ಆರು ವಾರ ಮುಗಿದ ಮೇಲೆ ನಾವು ಆ ಅರ್ಧ ತಾಸನ್ನು ಮನೆಗೇ ತಂದುಕೊಂಡೆವು. ಊಟವಾದ ಕೂಡಲೇ ಅಂಗಳದಲ್ಲಿ ಕೇರಂ ಬೋರ್ಡು ಹಾಕುವುದು. ನಡೆದಾಡಲು ವೈದ್ಯರು ಆಗ ಬೇಡ ಎಂದಿದ್ದರು. ಆಟದಲ್ಲಿ ಊಟದ ಮಾತಿಲ್ಲ, ಮೈಯ ಮಾತಿಲ್ಲ, "ಈಗ ಮುಖದಾಗ ಕಳಾ ಬಂತು ನೋಡು" ಎಂಬ ಹೊಗಳಿಕೆಯೂ ಇಲ್ಲ. ಆ ಹೊಗಳಿಕೆ ಇಂಥ ಮಕ್ಕಳ ಕಿವಿಗೆ "ದಪ್ಪಗಾದೆ" ಎಂದೇ ಕೇಳಿಸುತ್ತದಂತೆ. ಅವಳ ಆಯಿ ಮಣಿಕಟ್ಟಿನ ಆ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವುದನ್ನು ವೈದ್ಯೆಯಿಂದ ಕಲಿತಳು. ಒತ್ತಿದ್ದರಿಂದ ವಾಕರಿಕೆ ಕಡಿಮೆಯಾಯಿತೋ, ಅಜ್ಜಿಯ ಕೈ ಎಂಬುದರಿಂದ ಕಡಿಮೆಯಾಯಿತೋ, ಅದೂ ಸಸ್ಪೆನ್ಸ್ ಖಾತೆಯಲ್ಲೇ ಇದೆ. ಕೇರಂನಲ್ಲಿ ಮಾತ್ರ ನಾನು ದಿನವೂ ಸೋಲುತ್ತೇನೆ.

ಈಗ ಅವಳು ಪಿಯುಸಿ. ಪೂರ್ತಿ ಗುಣವಾಯಿತೆಂದು ನಾನು ಬರೆಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಮನೋವೈದ್ಯರ ಭೇಟಿ ಇದೆ. ಪರೀಕ್ಷೆ ಹತ್ತಿರ ಬಂದರೆ ತೊಗರಿ ಬೇಳೆ ಅನ್ನ ಕೂಡ ಗಂಟಲಲ್ಲಿ ಇಳಿಯದ ದಿನಗಳಿವೆ. ಕಳೆದ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಲ್ಲರ ಜೊತೆ ಕುಳಿತಳು. ಎಷ್ಟು ತಿಂದಳೆಂದು ನಾವು ಯಾರೂ ಎಣಿಸಲಿಲ್ಲ.

ಮಕ್ಕಳೇ, ನಿಮಗೆ ಎರಡು ಮಾತು. ಗೆಳೆಯರ ಮೈಯ ಬಗ್ಗೆ ನಗೆಚಾಟಿಕೆ ಬೇಡ, ದಪ್ಪ ಎಂದೂ ಬೇಡ, ಕಡ್ಡಿ ಎಂದೂ ಬೇಡ. ಗೆಳತಿಯೊಬ್ಬಳು ದಿನವೂ ಡಬ್ಬಿಯ ಊಟವನ್ನು ಯಾರಿಗೂ ಕಾಣದಂತೆ ಚೆಲ್ಲುತ್ತಿದ್ದರೆ, ತಲೆಸುತ್ತು ಬಂದು ಕೂರುತ್ತಿದ್ದರೆ, ಗುಟ್ಟು ಎಂದು ಮುಚ್ಚಿಡಬೇಡಿ. ನೀವು ನಂಬುವ ದೊಡ್ಡವರೊಬ್ಬರಿಗೆ ಹೇಳಿ. ಅದು ಚಾಡಿಯಲ್ಲ. ನಿಮಗೇ ಹಾಗಾಗುತ್ತಿದ್ದರೆ ಮುತ್ಯಾಗೋ ಆಯಿಗೋ ಹೇಳಿ. ಮನೆಯಲ್ಲಿ ಸೂಜಿ ಹಿಡಿದು ಆಟವಾಡುವುದಂತೂ ಬೇಡವೇ ಬೇಡ.

ನನ್ನ ವಾರಿಗೆಯ ಹಿರಿಯರೇ, ಮಗು ಉಣ್ಣುತ್ತಿಲ್ಲವೆಂದರೆ ದೃಷ್ಟಿ ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಅವತ್ತೇ ವೈದ್ಯರಿಗೂ ತೋರಿಸಿ. ಯಾರ ಕಡೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸೂಜಿಯೋ, ಯೋಗವೋ, ಮಾಲೀಸೋ ಬೇಕೆನಿಸಿದರೆ ಆ ವೈದ್ಯರನ್ನೇ ಕೇಳಿ ಆಮೇಲೆ ಮಾಡಿಸಿ. "ನನ್ನ ಸೂಜಿ ಸಾಕು, ಆ ಔಷಧ ಬಿಡಿ" ಎನ್ನುವವರು ಸಿಕ್ಕರೆ ಕೈಮುಗಿದು ಎದ್ದು ಬನ್ನಿ. ಮನೆಗೆ ಬಂದು ಕೇರಂ ಬೋರ್ಡಿನ ಧೂಳು ಒರೆಸಿ ಮೊಮ್ಮಕ್ಕಳನ್ನು ಕರೆಯಿರಿ.